ಆ ಕಡೆ ಡಾಕ್ಟರು, ಈ ಕಡೆ ಸಿಸ್ಟರು

ಹೆತ್ತೂರು

ಪ್ರೀತಿಯ ತಮ್ಮಾ,

ನೀನು ಕಳಿಸಿದ ಟ್ಯಾಬ್ ತಲುಪಿತು. ಅಮ್ಮ ಅದನ್ನು ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾಳೆ. ಇನ್ನು ಹಾಸನಕ್ಕೆ ಓಡಾಡೋದು ಬೇಡ, ಮನೆಯಲ್ಲೇ ಕೂತು ವಿಡಿಯೊದಲ್ಲಿ ಡಾಕ್ಟರಿಗೆ ತೋರಿಸಲಿ ಅಂದಿದ್ದೀಯ. ಓಡಾಟ ತಪ್ಪಬೇಕು ಅನ್ನೋದರಲ್ಲಿ ನಾನೂ ನಿನ್ನ ಕಡೆಯೇ. ಇಲ್ಲಿಂದ ಸಕಲೇಶಪುರ, ಅಲ್ಲಿಂದ ಇನ್ನೂ ನಲವತ್ತು ಕಿಲೋಮೀಟರ್. ಚೀಟಿ ಮಾಡಿಸಿ ಸಾಲಲ್ಲಿ ನಿಂತು ಡಾಕ್ಟರ ಮುಂದೆ ಕೂರೋದು ಐದು ನಿಮಿಷ. ವಾಪಸ್ ಬರೋವಾಗ ಕತ್ತಲಾದರೆ ಆನೆ ಭಯ ಬೇರೆ. ನಮಗಾದರೂ ನಡೆಯುತ್ತೆ, ತೋಟದ ಲೈನು ಮನೆಯವರಿಗೆ ಅವತ್ತಿನ ಕೂಲಿಯೇ ಹೋಯಿತು. ಅದಕ್ಕೇ ಅವರು ಕಾಫಿ ಕುಯ್ಲು ಮುಗಿಯಲಿ ಅಂತ ನೋವು ನುಂಗಿಕೊಂಡು ಇರೋದು.

ಆದರೆ ಅಮ್ಮ ಕ್ಯಾಮೆರಾ ಕಂಡರೆ ಸೆರಗು ಸರಿಮಾಡಿಕೊಂಡು "ಚೆನ್ನಾಗಿದ್ದೀನಿ" ಅಂತಾಳಲ್ಲ ಮಾರಾಯ, ಕಾಲಿನ ಹುಣ್ಣು ತೋರಿಸೋರು ಯಾರು?

ಮೊನ್ನೆ ಆರೋಗ್ಯ ಉಪಕೇಂದ್ರಕ್ಕೆ ಕರಕೊಂಡು ಹೋಗಿದ್ದೆ. ಅಲ್ಲಿ ಸರ್ಕಾರದ ಇ-ಸಂಜೀವಿನಿ ಇದೆ, ದುಡ್ಡು ಕೊಡೋ ಹಾಗಿಲ್ಲ. ಸಿಸ್ಟರ್ ಮೊದಲು ಬಿಪಿ, ಶುಗರ್ ನೋಡಿ ಬರೆದುಕೊಂಡರು, ಆಮೇಲೆ ಡಾಕ್ಟರು ಪರದೆಗೆ ಬಂದರು. "ಹುಣ್ಣಿನ ಸುತ್ತ ಬಿಸಿ ಇದೆಯಾ ನೋಡಿ. ಕಣ್ಣು ಮುಚ್ಚಿಸಿ ಕಾಲಿನ ಒಂದೊಂದೇ ಬೆರಳು ಮುಟ್ಟಿ" ಅಂದರು. ಸಿಸ್ಟರ್ ಕಿರುಬೆರಳು ಮುಟ್ಟಿದ್ದು ಅಮ್ಮನಿಗೆ ತಿಳಿಯಲೇ ಇಲ್ಲ! ಸ್ಪರ್ಶವೇ ಹೋಗಿದೆಯಂತೆ. ಡ್ರೆಸಿಂಗ್ ಅಲ್ಲೇ ಆಯಿತು, ಒಂದು ಸಲ ಮಾತ್ರ ಹಾಸನಕ್ಕೆ ಹೋಗಿ ಸರ್ಜನ್‌ಗೆ ತೋರಿಸಿ ಅಂದರು. ಬೇಡದ ಓಡಾಟ ತಪ್ಪಿತು, ಹೋಗಲೇಬೇಕಾದ್ದು ಯಾವುದು ಅಂತಲೂ ಗೊತ್ತಾಯಿತು.

ಹೀಗೆ ದೂರದಿಂದ ರೋಗಿಯನ್ನು ನೋಡೋದೇನು ಹೊಸದಲ್ಲ. 2002ರಲ್ಲೇ ಇಸ್ರೋದವರು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಅಲ್ಲೂ ರೋಗಿಯ ಪಕ್ಕ ಆಸ್ಪತ್ರೆಯ ಜನ ಇದ್ದರು. 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣೋ ಹಾಗಾಯಿತು, ಸರಿ. ನಿನಗೆ ಅದು ಸಾಕು. ಅಮ್ಮನಂಥವರಿಗೆ ಪರದೆಗಿಂತ ಮುಟ್ಟಿ ನೋಡೋ ಕೈ ಮುಖ್ಯ. ಮನಸ್ಸಿನ ಕಾಯಿಲೆಗೆ ಮಾತ್ರ ಉಲ್ಟಾ ಅನ್ನು: ಯಾರು ಯಾಕೆ ಆಸ್ಪತ್ರೆಗೆ ಹೋದರು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗೋ ಜಾಗ ಇದು. ಅದಕ್ಕೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಒಬ್ಬರೇ ಕೂತು ಫೋನ್ ಮಾಡೋದೇ ವಾಸಿ.

ನಮ್ಮ ತಾಪತ್ರಯ ಕರೆಂಟಿನದು. ಮಳೆಗಾಲ ಹಿಡಿದು ಲೈನ್ ಮೇಲೆ ಒಂದು ಮರ ಬಿದ್ದರೆ ಸಾಕು, ಕರೆಂಟೂ ಇಲ್ಲ, ಟವರ್ ಬ್ಯಾಟರಿ ಇಳಿದ ಮೇಲೆ ನೆಟ್‌ವರ್ಕೂ ಇಲ್ಲ. ಟವರ್ ನಮ್ಮ ಕೈಲಿಲ್ಲ. ಉಪಕೇಂದ್ರಕ್ಕೆ ಸೋಲಾರ್ ಹಾಕಿಸಿ ಅಂತ ಗ್ರಾಮಸಭೆಯಲ್ಲಿ ಅರ್ಜಿ ಕೊಡೋಣ ಅಂದುಕೊಂಡಿದ್ದೇವೆ. ಒಂದು ಕಂಪ್ಯೂಟರು, ಎರಡು ಲೈಟು, ಲಸಿಕೆ ಇಡೋ ಫ್ರಿಜ್ಜು ನಡೆಯೋಕೆ ಎಷ್ಟು ವ್ಯಾಟ್ ಬೇಕು, ಬ್ಯಾಟರಿ ಎಷ್ಟು ದೊಡ್ಡದಿರಬೇಕು? ಇಂಜಿನಿಯರ್ ಅಲ್ಲವಾ ನೀನು, ಲೆಕ್ಕ ಹಾಕಿ ಕಳಿಸು. ಟ್ಯಾಬು ನಮ್ಮ ಪುಟ್ಟಿಯ ಓದಿಗೆ ಇರಲಿ.

ನಿನ್ನ ಅಕ್ಕ