ಬಲಮುರಿ ಹಗ್ಗ

ಇಂದಿರಾನಗರದ ನೂರಡಿ ರಸ್ತೆಯ ಫರ್ನಿಚರ್ ಅಂಗಡಿಯೊಂದರ ಗಾಜಿನ ಹಿಂದೆ ಈಚೆಗೆ ಒಂದು ಹಡಗು ಬಂದು ನಿಂತಿದೆ. ಮೂರು ಕೂವೆಮರ, ಕೆನೆಬಣ್ಣದ ಹಾಯಿಗಳು, ಪಾಲಿಶ್ ಕುಡಿದು ಮಿರಿಮಿರಿ ಮಿಂಚುವ ಒಡಲು. ಹಾಯಿಗಳೆಲ್ಲ ಮುಂದಕ್ಕೆ ಹೊಟ್ಟೆ ಉಬ್ಬಿಸಿಕೊಂಡಿವೆ. ಅಂದರೆ ಗಾಳಿ ಹಿಂದಿನಿಂದ ಬೀಸುತ್ತಿದೆ. ಬಾವುಟಗಳು ಹಿಂದಕ್ಕೆ ಹಾರುತ್ತಿವೆ; ಅಂದರೆ ಗಾಳಿ ಮುಂದಿನಿಂದ ಬೀಸುತ್ತಿದೆ. ಹಿಂದೆ ಮುಂದೆ ಎರಡೂ ಕಡೆಯಿಂದ ಗಾಳಿ ಹೊಡೆಸಿಕೊಂಡೂ ಅದು ಅಲ್ಲಾಡದೆ ನಿಂತಿರುವುದಕ್ಕೆ ಕಾರಣ, ಸೋಫಾ ಪಕ್ಕದ ಟೀಪಾಯಿಗೆ ಅದನ್ನು ಸ್ಕ್ರೂ ಹಾಕಿ ಬಿಗಿದಿದ್ದಾರೆ. ಒಳಗೆ ಹೋಗಿ ಅಲ್ಲಿದ್ದ ಹುಡುಗನಿಗೆ ಹೇಳಿದೆ. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡು, "ಅದು ಶೋಪೀಸ್ ಸಾರ್, ಓಡಲ್ಲ" ಅಂದ.

ಓಡುವುದು ನಮ್ಮದೂ ಓಡುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನಲ್ಲಿ ಕೂತು ಕಿಟ್ ತರಿಸಿ ಮರದ ಹಡಗು ಕಟ್ಟುವವರು ಯಾರೂ ಅದನ್ನು ನೀರಿಗೆ ಬಿಡುವ ಆಸೆಯಿಂದ ಕಟ್ಟುವುದಿಲ್ಲ. ಬಾವುಟವನ್ನೂ ಕ್ಷಮಿಸುತ್ತಿದ್ದೆನೋ ಏನೋ. ಆದರೆ ಹೊರಡುವಾಗ ಕಣ್ಣು ಹಗ್ಗದ ಮೇಲೆ ಬಿತ್ತು. ಎಡಮುರಿ! ಕೂವೆಮರಗಳನ್ನು ಎಳೆದು ನಿಲ್ಲಿಸಿದ ಹಗ್ಗವೆಲ್ಲ, ಮೇಲಿಂದ ಕೆಳಗಿನವರೆಗೆ, ಎಡಮುರಿ.

ಹಡಗಿನ ಸಾಮಾನ್ಯ ಮೂರೆಳೆ ಹಗ್ಗ ಬಲಮುರಿ. ನೆಟ್ಟಗೆ ಎತ್ತಿ ಹಿಡಿದರೆ ಎಳೆಗಳು ಎಡದ ಕೆಳಗಿನಿಂದ ಬಲದ ಮೇಲಕ್ಕೆ ಏರಬೇಕು. ಅಂಥ ಮೂರು ಬಲಮುರಿ ಹಗ್ಗಗಳನ್ನು ಸೇರಿಸಿ ಮತ್ತೆ ಹೊಸೆದರೆ ಲಂಗರಿನ ಹಗ್ಗ. ಒಂಬತ್ತು ಎಳೆಯ ಅದು ಮಾತ್ರ ಎಡಮುರಿ. ಯಾಕೆಂದರೆ ಹೊಸೆಯುವ ಕೆಲಸದ ಗುಟ್ಟೇ ಜಗಳ. ಒಳಗಿನ ಎಳೆ ಒಂದು ಕಡೆಗೆ ಬಿಚ್ಚಿಕೊಳ್ಳಲು ನೋಡುತ್ತದೆ, ಹೊರಗಿನ ಹಗ್ಗ ಇನ್ನೊಂದು ಕಡೆಗೆ. ಯಾರೂ ಗೆಲ್ಲದಿರುವುದರಿಂದ ಹಗ್ಗ ಹಗ್ಗವಾಗಿ ಉಳಿಯುತ್ತದೆ. ಪೂಜೆಗೆ ಬಲಮುರಿ ಶಂಖವೇ ಬೇಕೆಂದು ಸಾವಿರಗಟ್ಟಲೆ ಸುರಿಯುವವರನ್ನು ಯಾರೂ ಹುಚ್ಚರೆನ್ನುವುದಿಲ್ಲ. ಹಡಗಿಗೆ ಬಲಮುರಿ ಹಗ್ಗ ಬೇಕೆಂದರೆ ಮಾತ್ರ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಲಸೂರು ಸೋಮೇಶ್ವರನ ತೇರಿನ ದಿನ ಎಲ್ಲರೂ ಸ್ವಾಮಿಯ ಕಡೆ ಕೈಮುಗಿದರೆ ನಾನು ತೇರಿನ ಮಿಣಿ ಯಾವ ಕಡೆ ಮುರಿದಿದೆ ಎಂದು ಬಗ್ಗಿ ನೋಡುತ್ತಿರುತ್ತೇನೆ, ನಿಜ. ಇಲ್ಲವೆನ್ನುವುದಿಲ್ಲ.

ಕಿಟ್ಟಿನ ಪೆಟ್ಟಿಗೆ ಬಿಚ್ಚಿದವರಿಗೆಲ್ಲ ಇದು ಗೊತ್ತು. ಒಡಲಿಗೆ ಮೊದಲ ಹೊದಿಕೆಯ ಲೈಮ್ ಪಟ್ಟಿ, ಅದರ ಮೇಲೆ ಅರ್ಧ ಮಿಲಿಮೀಟರಿನ ವಾಲ್‌ನಟ್ ಪಟ್ಟಿ, ಲೇಸರಿನಲ್ಲಿ ಕತ್ತರಿಸಿದ ಪಕ್ಕೆಲುಬುಗಳು, ಪುಟಾಣಿ ಹಿತ್ತಾಳೆ ಫಿರಂಗಿಗಳು, ಎಲ್ಲದರಲ್ಲೂ ಧಾರಾಳ. ಕೊನೆಗೆ ಪೆಟ್ಟಿಗೆಯ ಮೂಲೆಯಲ್ಲಿ ದಾರದ ಉಂಡೆಗಳು ಸಿಗುತ್ತವೆ: ಒಂದು ಕಪ್ಪು, ಒಂದು ಕಂದು, ಎರಡಕ್ಕೂ ಮೈತುಂಬ ರೋಮ. ಮದುವೆಗೆ ಬೆಳ್ಳಿತಟ್ಟೆಯಲ್ಲಿ ಊಟ ಹಾಕಿಸಿ ಉಪ್ಪು ಬಡಿಸುವುದನ್ನು ಮರೆತ ಹಾಗೆ. ಅದೂ ಹಾಯಿಹಡಗಿನಲ್ಲಿ! ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಇದ್ದ ವಿಕ್ಟರಿ ಹಡಗಿನ ಹಗ್ಗವನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 26 ಮೈಲಿ ಎನ್ನುತ್ತಾರೆ. ಹಲಸೂರು ಕೆರೆಯಿಂದ ಕೆ.ಆರ್.ಪುರಕ್ಕೆ ಹೋಗಿ ಬಂದು, ಮತ್ತೆ ಹೋಗಿ ಬಂದರೂ ಮಿಕ್ಕುತ್ತದೆ.

ಇನ್ನು ದಪ್ಪದ ಲೆಕ್ಕ. ಹಡಗಿನವರು ಹಗ್ಗವನ್ನು ಅಳೆಯುವುದು ಸುತ್ತಳತೆಯಲ್ಲಿ, ಅಡ್ಡಳತೆಯಲ್ಲಲ್ಲ. ವಿಕ್ಟರಿಯ ಲಂಗರಿನ ಹಗ್ಗ 24 ಇಂಚಿನದು ಅಂದರೆ ಸುತ್ತಲೂ 24 ಇಂಚು. 1:98ರ ಮಾಡೆಲಿನಲ್ಲಿ ಅದು ಸುಮಾರು ಎರಡು ಮಿಲಿಮೀಟರ್ ದಪ್ಪವಾಗಬೇಕು. ಇದನ್ನರಿಯದೆ 24 ಇಂಚನ್ನು ಅಡ್ಡಳತೆ ಎಂದು ಭಾವಿಸಿ ಆರು ಮಿಲಿಮೀಟರಿನ ಹಗ್ಗ ಹಾಕಿದ ಹಡಗನ್ನೂ ನೋಡಿದ್ದೇನೆ. ಮೂತಿಯಿಂದ ಹೆಬ್ಬಾವು ಇಳಿಬಿದ್ದಂತಿತ್ತು. ಮಾಲೀಕರು ಹೆಮ್ಮೆಯಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಆದ್ದರಿಂದ ಹಗ್ಗವನ್ನು ನಾವೇ ಹೊಸೆದುಕೊಳ್ಳಬೇಕು. ಇಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ. ಹೊಲಿಗೆ ಮೆಷಿನ್ನಿನ ದಾರ ಸಾಮಾನ್ಯವಾಗಿ ಬಲಮುರಿ. ಬೇರೆ ಥರದ್ದಾದರೆ ಸೂಜಿ ಓಡಿದಂತೆಲ್ಲ ಮುರಿ ಬಿಚ್ಚಿಕೊಳ್ಳುತ್ತದೆ. ಬಲಮುರಿ ದಾರ ಮೂರನ್ನು ಸೇರಿಸಿ ಹೊಸೆದರೆ ಹುಟ್ಟುವುದು ಎಡಮುರಿ ಹಗ್ಗ. ನೂರಡಿ ರಸ್ತೆಯ ಆ ಹಡಗಿಗೆ ಆಗಿರುವುದೂ ಇದೇ ಇರಬೇಕು. ಬಲಮುರಿ ಹಗ್ಗ ಬೇಕಾದರೆ ಎಡಮುರಿ ದಾರದಿಂದ ಶುರುಮಾಡಬೇಕು. ಅದು ಸಿಗುವುದು ಟೈಲರ್ ಸಾಮಾನಿನ ಅಂಗಡಿಯಲ್ಲಲ್ಲ, ಕಸೂತಿ ಸಾಮಾನಿನ ಅಂಗಡಿಯಲ್ಲಿ.

ಕಮರ್ಷಿಯಲ್ ಸ್ಟ್ರೀಟಿಗೆ ಅಂಟಿಕೊಂಡಿರುವ ಇಬ್ರಾಹಿಂ ಸಾಹೇಬ್ ಸ್ಟ್ರೀಟಿನಲ್ಲಿ ಲೇಸು, ಗುಂಡಿ, ಜರಿ, ಮಣಿ ಮಾರುವ ಅಂಗಡಿಗೆ ಹೋಗಿ ಪರ್ಲ್ ಕಾಟನ್ ಎಂಬ ಕಸೂತಿ ದಾರ ಕೇಳಿದರೆ ಮೊದಲ ಪ್ರಶ್ನೆ, "ಮೇಡಂಗೆ ಯಾವ ಕಲರ್ ಬೇಕಂತೆ ಸಾರ್?" ನಾನು ಜ್ಯುವೆಲ್ಲರ್ಸ್ ಸ್ಟ್ರೀಟಿನಲ್ಲಿ ಕೊಂಡ ಅಕ್ಕಸಾಲಿಗರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ದಾರದ ತುದಿ ನೋಡತೊಡಗುತ್ತೇನೆ. ಪಕ್ಕದಲ್ಲಿ ಬ್ಲೌಸಿಗೆ ಮ್ಯಾಚಿಂಗ್ ಹುಡುಕುತ್ತಿದ್ದ ಹೆಂಗಸರು ಮೆಲ್ಲಗೆ ಸರಿದು ಜಾಗ ಕೊಡುತ್ತಾರೆ. ಪರ್ಲ್ ಕಾಟನ್ನಿಗೆ ಹೊಳಪು ಸ್ವಲ್ಪ ಜಾಸ್ತಿ, ಅದು ಅದರ ದೋಷ. ಅಗಸೆ ನಾರಿನ ದಾರ ಇನ್ನೂ ಒಳ್ಳೆಯದು. ಆದರೆ ಪರ್ಲ್ ಕಾಟನ್ನಿನ ಮುರಿ ಎಡಕ್ಕಿದೆ, ರೋಮ ಕಡಿಮೆ, ನಡೆದುಹೋದರೆ ಸಿಗುತ್ತದೆ. ಕಡು ಕಂದು ಎರಡು ಉಂಡೆ, ಹಳದಿ ತಿರುಗಿದ ಬಿಳಿ ಎರಡು ಉಂಡೆ. ಟಾರು ಬಳಿದು ಬಿಗಿದ ಹಗ್ಗಕ್ಕೆ ಕಡು ಕಂದು, ಎಳೆದು ಬಿಡುವ ಹಗ್ಗಕ್ಕೆ ಮಾಸಲು ಬಿಳಿ. ಅಪ್ಪಟ ಕಪ್ಪು ಹಾಕುವವರೊಂದಿಗೆ ನನಗೆ ಬೇರೆಯೇ ಒಂದು ಜಗಳವಿದೆ; ಈಗ ಬೇಡ.

ಹಲಸೂರಿನ ನಮ್ಮ ಮನೆ ಹಳೆಯ ಕಾಲದ್ದು, ಅಗಲಕ್ಕೆ ಬಡತನ, ಉದ್ದಕ್ಕೆ ಸಿರಿತನ. ಬೀದಿಬಾಗಿಲಿನಿಂದ ಹಿತ್ತಿಲಬಾಗಿಲಿನವರೆಗೆ ಒಂದೇ ಗೆರೆ. ಇಂಗ್ಲೆಂಡಿನ ಚಾಟಮ್ ಹಡಗುಕಟ್ಟೆಯಲ್ಲಿ ಹಗ್ಗ ಹೊಸೆಯಲೆಂದೇ ಕಟ್ಟಿದ 346 ಮೀಟರ್ ಉದ್ದದ ಮನೆಯಿದೆ, ಅಲ್ಲಿ ಇಂದಿಗೂ ಹಗ್ಗ ತಯಾರಾಗುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಅಡುಗೆಮನೆಗೆ ಹೋಗುವವರು ದಾರ ದಾಟಿಕೊಂಡೇ ಹೋಗಬೇಕಾಗುವಷ್ಟಿದೆ. ಬೀದಿಬಾಗಿಲ ಕಡೆ ಒಂದು ಹಲಗೆ; ಅದರ ಮೇಲೆ ದೊಡ್ಡದೊಂದು ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡ ಮೂರು ಸಣ್ಣ ಚಕ್ರ, ಒಂದೊಂದಕ್ಕೂ ಒಂದು ಕೊಕ್ಕೆ. ಚಕ್ರಗಳು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಸತ್ತ ಪ್ರಿಂಟರಿನವು. ಆ ತುದಿಯಲ್ಲಿ ಗಾಳದವರ ತಿರುಗುಕೊಕ್ಕೆ, ಅದಕ್ಕೊಂದು ತೂಕದ ಬಟ್ಟು. ನಡುವೆ ಮೂರು ಗೀರು ಕೊರೆದ ಬುಗುರಿಯಂಥ ಮರದ ತುಂಡು.

ಹಿಡಿ ತಿರುಗಿಸುತ್ತ ಹೋದಂತೆ ಮೂರೂ ದಾರ ಬಿಗಿಯುತ್ತ ಕುಗ್ಗುತ್ತವೆ, ಆ ತುದಿಯ ಬಟ್ಟು ನೆಲದ ಮೇಲೆ ತೆವಳಿಕೊಂಡು ನನ್ನ ಕಡೆ ಬರುತ್ತದೆ. ಬೆರಳಲ್ಲಿ ಮೀಟಿದರೆ ತಂಬೂರಿಯ ತಂತಿಯಂತೆ ಝೇಂ ಎನ್ನಬೇಕು. ಆಗ ತಿರುಗುಕೊಕ್ಕೆಯ ಅಗುಳಿ ತೆಗೆಯಬೇಕು. ತೆಗೆದದ್ದೇ ತಡ, ಅದು ತನ್ನಷ್ಟಕ್ಕೆ ಗರಗರನೆ ಹಿಮ್ಮುಖ ಸುತ್ತುತ್ತದೆ. ಮರದ ತುಂಡು ಯಾರೂ ಮುಟ್ಟದೆ ಮುಂದೆ ಮುಂದೆ ಸರಿಯುತ್ತದೆ, ಅದರ ಬೆನ್ನ ಹಿಂದೆ ಹಗ್ಗ ಹುಟ್ಟುತ್ತ ಬರುತ್ತದೆ. ಒಂದರ ಪಕ್ಕ ಒಂದು, ಭತ್ತದ ತೆನೆಯ ಕಾಳುಗಳಂತೆ, ಬಲಕ್ಕೆ ಏರುತ್ತ. ಈ ಅರ್ಧ ನಿಮಿಷಕ್ಕಾಗಿ ನಾನು ಏನು ಬೇಕಾದರೂ ಕೊಡುತ್ತೇನೆ. ಆಮೇಲೆ ತೂಕ ಕಟ್ಟಿ ರಾತ್ರಿಯಿಡೀ ಇಳಿಬಿಟ್ಟರೆ ಹಗ್ಗ ಸಮಾಧಾನಕ್ಕೆ ಬರುತ್ತದೆ. ಕತ್ತರಿಸಿದಾಗ ತುದಿ ಬಿಚ್ಚಿಕೊಳ್ಳದಿದ್ದರೆ ಗೆದ್ದಂತೆ.

ಜೇನುಮೇಣ ಹಚ್ಚಬೇಡಿ. ಪುಸ್ತಕಗಳು ಹಚ್ಚಿ ಎನ್ನುತ್ತವೆ. ಆ ಪುಸ್ತಕ ಬರೆದವರು ಹಳೇ ಮದ್ರಾಸ್ ರಸ್ತೆಯ ಧೂಳು ಕಂಡವರಲ್ಲ. ಮೇಣದ ಹಗ್ಗ ಒಂದು ಬೇಸಿಗೆ ಕಳೆಯುವುದರೊಳಗೆ ಉಣ್ಣೆ ಹೊದ್ದುಕೊಂಡಿರುತ್ತದೆ.

ಕೆ.ಆರ್.ಪುರದಲ್ಲಿ ನನಗೊಬ್ಬ ಹಡಗು ಸ್ನೇಹಿತರಿದ್ದಾರೆ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಜೀವ ತೇಯ್ದು ನಿವೃತ್ತರಾದವರು, ನನಗಿಂತ ಹಿರಿಯರು. ಅವರ ಒಡಲು ನೋಡಬೇಕು: ಪಟ್ಟಿಗೂ ಪಟ್ಟಿಗೂ ನಡುವೆ ಬ್ಲೇಡು ತೂರದು. ಮೂತಿಯ ಹತ್ತಿರ ಒಂದೊಂದು ಪಟ್ಟಿಯನ್ನೂ ಸಣ್ಣಗೆ ಮಾಡುತ್ತ ಹೋಗುವ ತಾಳ್ಮೆ ನನಗೆ ಈ ಜನ್ಮದಲ್ಲಿ ಬಾರದು. ಇಂಥ ಮನುಷ್ಯ ಹಗ್ಗದ ಸರದಿ ಬಂದಾಗ ಏನು ಮಾಡುತ್ತಾರೆ? ಪೆಟ್ಟಿಗೆಯ ರೋಮದ ದಾರವನ್ನೇ ತೆಗೆದು, ಕ್ಷಣದಲ್ಲಿ ಹಿಡಿಯುವ ಅಂಟಿನ ತೊಟ್ಟಿಡುತ್ತಾರೆ! ಕೂವೆಮರದ ಪಕ್ಕ ನಾವಿಕರು ಹತ್ತುವ ಹಗ್ಗದ ಮೆಟ್ಟಿಲಿದೆಯಲ್ಲ, ಆ ರ್‍ಯಾಟ್‌ಲೈನುಗಳ ನಡುವೆ 1:98ರಲ್ಲಿ ಸುಮಾರು ನಾಲ್ಕು ಮಿಲಿಮೀಟರ್ ಅಂತರ. ಅಡ್ಡಹಗ್ಗ ಉದ್ದಹಗ್ಗವನ್ನು ದಾಟುವ ಕಡೆಯಲ್ಲೆಲ್ಲ ಕ್ಲೋವ್ ಹಿಚ್ ಗಂಟು ಬರಬೇಕು. ಹಲಸೂರು ಕೆರೆಯಲ್ಲಿ ದೋಣಿ ಹುಟ್ಟುಹಾಕಲು ಬರುವ ಎನ್‌ಸಿಸಿ ನೌಕಾ ವಿಭಾಗದ ಹುಡುಗ ಹುಡುಗಿಯರು ಕಣ್ಣುಮುಚ್ಚಿ ಹಾಕುವ ಗಂಟು ಅದು. ಅವರಿಗೆ ಹಡಗಿನ ಮಾಡೆಲ್ ಕಟ್ಟುವ ಸ್ಪರ್ಧೆಯೂ ಉಂಟು. ನಮ್ಮ ಹಿರಿಯರು ಮಾತ್ರ ದಾರದ ಮೇಲೆ ದಾರ ಇಟ್ಟು, ಅಂಟು ಬಿಟ್ಟು, "ಎರಡಡಿ ದೂರದಿಂದ ಯಾರಿಗ್ರೀ ಕಾಣತ್ತೆ?" ಅನ್ನುತ್ತಾರೆ.

ಈ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಎರಡಡಿ ದೂರ ನಿಲ್ಲು ಎಂದು ಯಾರು ಹೇಳಿದರು? ಮಾಡೆಲ್ ಎಂಬುದನ್ನು ಕಟ್ಟುವುದೇ ಮೂಗು ತಾಗಿಸಿ ನೋಡುವುದಕ್ಕೆ. ದೂರದಿಂದಲೇ ನೋಡುವುದಾದರೆ ಕ್ಯಾಲೆಂಡರಿನ ಚಿತ್ರ ಸಾಕಿತ್ತು. ಇಷ್ಟು ದುಡ್ಡು, ಇಷ್ಟು ಸುಂಕ, ಇಷ್ಟು ಕಣ್ಣು ಯಾಕೆ ಕಳೆಯಬೇಕಿತ್ತು? ಆ ಅಂಟು ಒಣಗಿದಲ್ಲೆಲ್ಲ ಬೂದಿ ಬಡಿದಂತೆ ಬೆಳ್ಳಗಾಗುತ್ತದೆ, ದಾರ ಕಡ್ಡಿಯಾಗಿ ಲಟ್ಟೆಂದು ಮುರಿಯುತ್ತದೆ. ಗಂಟು ತಾನಾಗಿ ಬಿಗಿಯುತ್ತದೆ, ಸಡಿಲವಾದರೆ ಸೂಜಿಯಲ್ಲಿ ಎತ್ತಿ ಸರಿಮಾಡಬಹುದು. ಒಡಲಿನ ಒಳಗೆ, ಯಾರೂ ಎಂದೂ ನೋಡಲಾಗದ ಜಾಗದಲ್ಲಿ ಮೂಲೆಮಟ್ಟ ಹಿಡಿದು ಪಕ್ಕೆಲುಬು ನಿಲ್ಲಿಸಿದ ಮನುಷ್ಯನೇ ಹೊರಗೆ ಕಣ್ಣೆದುರಿನ ಹಗ್ಗಕ್ಕೆ "ಯಾರಿಗೆ ಕಾಣತ್ತೆ" ಅನ್ನುವುದು ಯಾವ ನ್ಯಾಯ? ಇದನ್ನೆಲ್ಲ ಅವರ ಮನೆಯ ಕಾಫಿ ಕುಡಿಯುತ್ತಲೇ ಹೇಳಿದೆ. ಅವರು ನಗುತ್ತ ಇನ್ನೊಂದು ಲೋಟ ತರಿಸಿದರು. ಮೆಟ್ರೊ ಕೆ.ಆರ್.ಪುರದವರೆಗೆ ಬಂದದ್ದರಿಂದ ಈ ಜಗಳಗಳೂ ಸಲೀಸಾಗಿವೆ.

ಕಿಟ್ಟಿನ ಕಂಪನಿಗಳು ವಿಕ್ಟರಿಯನ್ನೂ ಕಟಿ ಸಾರ್ಕನ್ನೂ ಮತ್ತೆ ಮತ್ತೆ ಮಾರುವುದು ಸಾಲದೆ ಅರಬರ ಧೋವನ್ನೂ ಪೆಟ್ಟಿಗೆಗೆ ತುಂಬಿವೆ. ನಮ್ಮ ಕರಾವಳಿಯ ಪತ್ತೆಮಾರಿಯ ಕಿಟ್ ಮಾತ್ರ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪರ್ಲ್ ಕಾಟನ್ ಹೊಸೆಯುತ್ತ ಕೂತಾಗ ಪದೇ ಪದೇ ನೆನಪಾಗುವ ಹಡಗು ಅದು, ಹತ್ತಿಯ ದೆಸೆಯಿಂದ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿ ಪತ್ತೆಮಾರಿ ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯ ಹತ್ತಿ ಪೇಟೆಯಲ್ಲಿ ಆ ಮಾಲಿಗೆ ಕುಮಟೆಯದೇ ಹೆಸರು ನಿಂತುಹೋಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ಕುಮಟೆಗೆ ಶುಕ್ರದೆಸೆ. ಘಟ್ಟದ ಮೇಲಕ್ಕೆ ರೈಲು ಬಂದದ್ದೇ ಬಂದರು ಬಡವಾಯಿತು. ಇಂಗ್ಲೆಂಡಿನ ಆ ಗಿರಣಿಗಳ ನೂಲಿನಲ್ಲಿ ನಮ್ಮ ಹತ್ತಿ ಎಷ್ಟು ಸೇರಿತ್ತೆಂದು ದಾರ ಹೇಳುವುದಿಲ್ಲವಾದರೂ, ಹತ್ತಿಯ ಹಗ್ಗ ಹಾಕಿಸಿಕೊಳ್ಳುವ ಹಕ್ಕು ಯಾವುದಾದರೂ ಮಾಡೆಲ್ಲಿಗೆ ಇದ್ದರೆ ಅದು ಪತ್ತೆಮಾರಿಗೇ ಎಂದು ನನ್ನ ವಾದ.

ಕಿಟ್ ಇಲ್ಲದಿದ್ದರೆ ಬೇಡ, ನಕ್ಷೆ ಇದೆ. ಫ್ರೆಂಚ್ ನೌಕಾಪಡೆಯ ಅಧಿಕಾರಿ ಎಡ್ಮಂಡ್ ಪಾರಿಸ್ ಲೋಕ ಸುತ್ತುತ್ತ ಯುರೋಪಿನ ಹೊರಗಿನ ದೋಣಿಗಳನ್ನೆಲ್ಲ ಅಳೆದು ಬರೆದು 1840ರ ದಶಕದಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ನಮ್ಮ ಪತ್ತೆಮಾರಿಯೂ ಇದೆ. ಮುಂದಕ್ಕೆ ಚಾಚಿದ ಉದ್ದ ಮೂತಿ, ಮುಂದಕ್ಕೇ ವಾಲಿದ ಕೂವೆಮರ, ಓರೆಗೆ ಎತ್ತಿದ ಉದ್ದನೆಯ ಮರದಲ್ಲಿ ತ್ರಿಕೋನದ ಹಾಯಿ. ದೊಡ್ಡ ಪತ್ತೆಮಾರಿಗಳು 76 ಅಡಿ ಉದ್ದವಿದ್ದು 200 ಟನ್ ಹೊರುತ್ತಿದ್ದವು. ಹಿರಿಯರಿಗೆ ನಕ್ಷೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಒಡಲು ಭಾಳ ಚೆನ್ನಾಗಿದೆ. ತೇಗದಲ್ಲೇ ಮಾಡೋಣ, ನಮ್ಮ ಕಡೆ ಸಾಮಿಲ್ಲಿನಲ್ಲಿ ಹಳೇ ಬಾಗಿಲು ಸೀಳಿಸ್ತೀನಿ. ಆದ್ರೆ ಇದರಲ್ಲಿ ಹಗ್ಗವೇ ಇಲ್ವಲ್ರೀ! ಮರಕ್ಕೆ ನಾಲ್ಕು, ಹಾಯಿಗೆ ನಾಲ್ಕು. ನಿಮಗೇನು ಕೆಲಸ?"

ಅದಕ್ಕೇ ಈಗ ತಕರಾರು. ಒಡಲು ಅವರದು, ಹಗ್ಗ ನನ್ನದು ಎಂದು ಒಪ್ಪಂದವಾಗಿದೆ. ಇರುವುದು ಕೆಲವೇ ಹಗ್ಗವಾದ್ದರಿಂದ ಒಂದೊಂದೂ ದಪ್ಪವಾಗಿ, ಎಳೆ ಎಳೆ ಎಣಿಸುವಂತೆ ಇರಲಿ, 1:48ರಲ್ಲಿ ಕಟ್ಟೋಣ, ಹಡಗು ಒಂದೂವರೆ ಅಡಿಯಾಗುತ್ತದೆ ಎಂದು ನಾನು. ಅಷ್ಟು ದೊಡ್ಡದು ಅವರ ಶೋಕೇಸಿನಲ್ಲಿ ಕೂರುವುದಿಲ್ಲವಂತೆ. 1:64 ಸಾಕು ಎನ್ನುತ್ತಾರೆ. ಅದರಲ್ಲಿ ಹಗ್ಗದ ಮುರಿ ಕಾಣಿಸುವುದಿಲ್ಲ ಎಂದರೆ, "ಅದಕ್ಕೇ ತಾನೇ ಹೇಳ್ತಿರೋದು" ಎಂದು ಸ್ಕೇಲು ತೆಗೆದು ಶೋಕೇಸಿನ ಗಾಜು ಅಳೆಯುತ್ತಾರೆ.