ಮುಧೋಳದ ನಾಯಿಗೆ ಹೈದರಾಬಾದಿನಲ್ಲಿ ಸ್ನಾನ

ಹೈದರಾಬಾದಿನಲ್ಲಿ ‘ಗ್ರೇಹೌಂಡ್’ ಎಂದರೆ ಜನರಿಗೆ ಮೊದಲು ನೆನಪಾಗುವುದು ನಾಯಿಯಲ್ಲ, ಪೊಲೀಸರು. ನಕ್ಸಲೀಯರನ್ನು ಎದುರಿಸಲೆಂದು 1989ರಲ್ಲಿ ಕಟ್ಟಿದ ಪಡೆಗೆ ಆ ಹೆಸರನ್ನಿಟ್ಟರು. ಹೀಗಾಗಿ, “ಭಾನುವಾರ ಗ್ರೇಹೌಂಡಿಗೆ ಸ್ನಾನ ಮಾಡಿಸಲು ಹೊರಟಿದ್ದೇನೆ” ಎಂದು ನಾನು ರೂಮಿನಲ್ಲಿ ಹೇಳಿದಾಗ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಾನು ಹೊರಟಿದ್ದು ನಾಲ್ಕು ಕಾಲಿನ ನಾಯಿಯ ಬಳಿಗೇ. ಅದೂ ಅದೇ ಜಾತಿಗೆ ಸೇರಿದ, ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಮ್ಮ ಕಡೆಯ ಮುಧೋಳದ ನಾಯಿ.

ಊರಾಚೆ ಇರುವ ಪ್ರಾಣಿಗಳ ಆಶ್ರಮವೊಂದರಲ್ಲಿ ತಿಂಗಳಿಗೊಂದು ಭಾನುವಾರ ನಾಯಿಗಳನ್ನು ತೊಳೆದು, ಬಾಚಿ, ಉಣ್ಣಿ ಕಿತ್ತು, ಉಗುರು ಕತ್ತರಿಸುತ್ತಾರೆ. ಕೆಲಸಕ್ಕೆ ಕೈ ಸಾಲದೆ ಕಾಲೇಜಿನ ಹುಡುಗರನ್ನು ಕರೆಯುತ್ತಾರೆ. ನಾನು ಹೋಗಿದ್ದು ಬರೀ ಸೇವೆಗೆಂದು ಹೇಳಿದರೆ ಸುಳ್ಳಾದೀತು. ಅಲ್ಲಿ ಒಂದು ಮುಧೋಳದ ನಾಯಿ ಇದೆ, ಯಾರಾದರೂ ಸಾಕುವುದಾದರೆ ಕೊಡುತ್ತಾರೆ ಎಂದು ಕೇಳಿದ್ದೆ. ಅದನ್ನು ನಾನೇ ತರಬೇಕೆಂಬ ಆಸೆ ಇತ್ತು.

ಆಸೆಗೆ ಕಾರಣವೂ ಇತ್ತು. ಮುಧೋಳದ ಹತ್ತಿರದ ಹಳ್ಳಿ ನಮ್ಮದು. ಸಂಸ್ಥಾನದ ಕಾಲದಲ್ಲಿ ಮಾಲೋಜಿರಾವ್ ಘೋರ್ಪಡೆ ರಾಜರು ಈ ತಳಿಯನ್ನು ಬೆಳೆಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೂ ಕಾಣಿಕೆ ಕೊಟ್ಟರು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು. 1972ರ ಕಾಯಿದೆ ಬಂದ ಮೇಲೆ ಬೇಟೆಯೂ ಹೋಯಿತು. ನಾಯಿ ಮಾತ್ರ ರೈತರ ಹೊಲ ಕಾಯುತ್ತ ಉಳಿಯಿತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಅದರ ಚಿತ್ರ ಬಂತು. 2016ರಲ್ಲಿ ಸೈನ್ಯದವರು ಮರಿಗಳನ್ನು ಮೀರತ್ತಿಗೆ ತರಬೇತಿಗೆ ಒಯ್ದರು. ಹೆಸರು ಬಂದ ಮೇಲೆ ಬೆಲೆ ಬಂತು. ಕಾರುಗಳು ಹಳ್ಳಿ ಹುಡುಕಿಕೊಂಡು ಬಂದವು.

ನಮ್ಮ ಅಜ್ಜನೂ ಮರಿ ಮಾರುತ್ತಾನೆ. ನಾನು ಬಿ.ಕಾಂ. ಸೇರಿದ ವರ್ಷ ಫೀ ಕಟ್ಟಿದ್ದು ನಾಲ್ಕು ಮರಿ ಮಾರಿದ ದುಡ್ಡಿನಿಂದ. ಅದರಲ್ಲಿ ಒಂದನ್ನು ಕೊಂಡವರು ಹೈದರಾಬಾದಿನವರು. ಮರಿಯನ್ನು ಎತ್ತಿ ಕಾರಿನೊಳಗೆ ಇಟ್ಟವನು ನಾನೇ.

ಆಶ್ರಮದ ನಾಯಿಯನ್ನು ಯಾರೋ ರಾತ್ರಿ ಗೇಟಿಗೆ ಕಟ್ಟಿಹೋಗಿದ್ದರಂತೆ. ವಯಸ್ಸು ಎರಡು ವರ್ಷ ಇರಬಹುದು ಎಂದರು. ನನ್ನ ಎದೆ ಧಸಕ್ಕೆಂದಿತು. ಓಡಿಹೋಗಿ ನೋಡಿದೆ. ಇದು ಪೂರಾ ಕಂದು. ನಮ್ಮ ಮರಿಯ ಎದೆಯ ಮೇಲೆ ಬಿಳಿ ಪಟ್ಟೆ ಇತ್ತು. ನಮ್ಮದಲ್ಲವೆಂದು ಸಮಾಧಾನವಾಯಿತು. ಆ ಸಮಾಧಾನಕ್ಕೆ ಮರುಕ್ಷಣವೇ ನಾಚಿಕೆಯೂ ಆಯಿತು. ನಮ್ಮದಲ್ಲದಿದ್ದರೆ ಯಾರ ಅಜ್ಜನದೋ, ಯಾರ ಫೀಸಿನದೋ!

ಈ ನಾಯಿಗಳು ಹೊಸಬರು ಮುಟ್ಟಿದರೆ ಸಹಿಸುವುದಿಲ್ಲ. ಕೆಲಸದ ಹುಡುಗ “ಇಕ್ಕಡ ರಾ, ಇಕ್ಕಡ ರಾ” ಎಂದು ಕರೆದಷ್ಟೂ ಅದು ಗೋಡೆಗೆ ಅಂಟಿಕೊಂಡಿತು. ನಾನು ಕನ್ನಡದಲ್ಲಿ ಕರೆದೆ. ಸಿನಿಮಾದಲ್ಲಾದರೆ ಬಾಲ ಅಲ್ಲಾಡಿಸುತ್ತ ಬರುತ್ತಿತ್ತು. ಇದು ನನ್ನ ಕನ್ನಡಕ್ಕೆ ಕಿವಿಯನ್ನೂ ಎತ್ತಲಿಲ್ಲ. ಆಗ ಅಜ್ಜನ ಪದ್ಧತಿ ನೆನಪಾಯಿತು. ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಸುಮ್ಮನೆ ಕುಳಿತೆ. ಅರ್ಧ ಗಂಟೆಯಾದ ಮೇಲೆ ಕತ್ತಿನ ಹಿಂದೆ ತಣ್ಣನೆಯ ಮೂಗು ತಗುಲಿತು.

ಉಗುರುಬೆಚ್ಚನೆಯ ನೀರು ಹಾಕಿದೆವು. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ತಣ್ಣೀರು ಬಿದ್ದರೆ ಗಡಗಡ ನಡುಗುತ್ತದೆ. ಚರ್ಮ ತೆಳು, ಗಟ್ಟಿ ಬ್ರಷ್ಷು ಹಾಕುವಂತಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಾಳಿನಂತೆ ಉಣ್ಣಿ. ಚಿಮಟದಿಂದ ಬುಡಕ್ಕೆ ಹಿಡಿದು ನೆಟ್ಟಗೆ ಎಳೆಯಬೇಕು, ಹಿಸುಕಬಾರದು. ಉಣ್ಣಿಯಿಂದ ಬರುವ ಜ್ವರ ಇಂಥ ಗಟ್ಟಿ ನಾಯಿಯನ್ನೂ ಮಲಗಿಸುತ್ತದೆ ಎಂದರು ಡಾಕ್ಟರು. ನಲವತ್ತರ ತನಕ ಎಣಿಸಿ ಬಿಟ್ಟೆ. ಕತ್ತಿನ ಸುತ್ತ ಕೂದಲು ಸವೆದು ಬಳೆಯಂತೆ ಗುರುತು ಬಿದ್ದಿತ್ತು. ಅದು ಎಷ್ಟು ದಿನ ಕಟ್ಟಿಹಾಕಿದ ಗುರುತೋ!

ನಮಗೆ ಕ್ಲಾಸಿನಲ್ಲಿ ಸವಕಳಿಯ ಲೆಕ್ಕ ಹೇಳಿಕೊಡುತ್ತಾರೆ. ಯಂತ್ರ ಹಳತಾದಂತೆ ಬೆಲೆ ಇಳಿಸುತ್ತ ಹೋಗಿ ಕೊನೆಗೆ ಪುಸ್ತಕದಿಂದ ತೆಗೆದುಹಾಕುವುದು. ಇಂಗ್ಲೆಂಡು, ಆಸ್ಟ್ರೇಲಿಯಾಗಳಲ್ಲಿ ಪಂದ್ಯದಲ್ಲಿ ಓಡಿ ಮುಗಿದ ಗ್ರೇಹೌಂಡುಗಳಿಗೆ ಮನೆ ಹುಡುಕಿಕೊಡುವ ಸಂಘಗಳೇ ಇವೆ. ಅವು ಓಡಿಯಾದರೂ ಹಳತಾದವು. ನಮ್ಮ ಈ ನಾಯಿ ಒಂದು ದಿನವೂ ಮನಸಾರೆ ಓಡದೆ ಸವಕಳಿಗೆ ಬಂದಿತ್ತು.

ಮಧ್ಯಾಹ್ನ ಅರ್ಜಿ ತುಂಬಲು ಕುಳಿತೆ. ಮೇಲ್ವಿಚಾರಣೆಯ ಅಕ್ಕ ಗದರಲಿಲ್ಲ, ಬರೀ ಕೇಳಿದರು: “ಮನೆ ಸ್ವಂತದ್ದೋ?” ಕಾಚಿಗುಡದಲ್ಲಿ ಮೂರನೇ ಮಹಡಿಯ ರೂಮು, ಮೂವರಿದ್ದೇವೆ. “ಮಾಲೀಕರು ಒಪ್ಪಿದ್ದಾರೋ?” ಇಲ್ಲ. “ಪರೀಕ್ಷೆಯ ದಿನಗಳಲ್ಲಿ ಯಾರು ಓಡಿಸುತ್ತಾರೆ?” ನಾನು ಪೆನ್ನು ಕೆಳಗಿಟ್ಟೆ. ಇದನ್ನು ಕೊಂಡು ತಂದವನಿಗೂ ಪ್ರೀತಿಯೇ ಇತ್ತೇನೋ. ಇರಲಿಲ್ಲದ್ದು ಬಯಲು.

ಹೊರಗೆ ಬಂದು ಅಜ್ಜನಿಗೆ ಫೋನು ಹಚ್ಚಿದೆ.

“ಅಜ್ಜಾ, ಇಲ್ಲೊಂದು ನಮ್ಮ ಕಡೀ ನಾಯಿ ಐತಿ. ರೂಮಿಗೆ ತರ್ಲೇನು?”

“ತರಬ್ಯಾಡ. ಕಟ್ಟಿ ಹಾಕಿದ್ರ ಅದು ನಾಯಿ ಅಲ್ಲೋ ತಮ್ಮಾ, ಗೂಟ.”

“ಮತ್ತ ನೀ ಇಟ್ಕೋತೀಯೇನು?”

ಆ ಕಡೆ ಬಹಳ ಹೊತ್ತು ಮಾತಿಲ್ಲ. ಮನೆಯಲ್ಲಿ ಈಗಾಗಲೇ ಮೂರು ನಾಯಿ. ಜೋಳದ ರೊಟ್ಟಿಯ ಲೆಕ್ಕ ಅಜ್ಜನಿಗೆ ನನಗಿಂತ ಚೆನ್ನಾಗಿ ಗೊತ್ತು.

“ನಮ್ಮದಲ್ಲಂತೀಯಲ್ಲ?”

“ಅಲ್ಲ.”

“ಇರ್ಲಿ. ಮಾರಿದ ಊರಿಗೆ ತಿರುಗಿ ಬರ್ತೀನಂದ್ರ ಒಲ್ಲೆ ಅನ್ನಾಕ ಆಗ್ತೈತೇನು? ದಸರಾ ಸೂಟಿಗೆ ಬರುವಾಗ ಕರ್ಕೊಂಡ್ ಬಾ.”

ಅರ್ಜಿಯಲ್ಲಿ ನನ್ನ ಹೆಸರು ಹೊಡೆದು ಅಜ್ಜನ ಹೆಸರು ಬರೆದೆ. ಅಕ್ಕ ಹೊಲದ ಫೋಟೋ ತರಿಸಿಕೊಂಡು ನೋಡಿದರು. ದಸರಾದವರೆಗೆ ಇಟ್ಟುಕೊಳ್ಳಲು ಒಪ್ಪಿದರು. ಒಂದು ಷರತ್ತು ಹಾಕಿದರು: ಅಲ್ಲಿಯ ತನಕ ಪ್ರತಿ ಭಾನುವಾರ ಬಂದು ನಾನೇ ಸ್ನಾನ ಮಾಡಿಸಬೇಕು.

ಕಳೆದ ವಾರ ಹೋದಾಗ ಬೆನ್ನು ಹಾಕಿ ಕೂರಬೇಕಾಗಲಿಲ್ಲ. ಗೇಟಿನ ಹತ್ತಿರವೇ ನಿಂತಿತ್ತು.