ಎರಡು ಮನೆಯ ಕೂಸು

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗಡಿಯಾರದ ಮಾತು ನಡೆಯುವುದಿಲ್ಲವೆಂಬುದು ಗೃಹಸ್ಥರೆಲ್ಲರೂ ಬಲ್ಲ ಸಂಗತಿ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಾದರಂತೂ ಬೆಳಗಿನ ಎರಡು ತಾಸುಗಳ ಪಾಡು ಹೇಳತೀರದು. ಕಲಬುರಗಿಯ ನಮ್ಮ ಮನೆಯೂ ಅಂಥದೇ. ನಮ್ಮಲ್ಲಿ ಒಬ್ಬರು ಸರ್ಕಾರಿ ಕಚೇರಿಯಲ್ಲಿ, ಇನ್ನೊಬ್ಬರು ಚಿಕ್ಕದೊಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕಿದ್ದೇವೆ. ಮಗನಿಗೆ ಏಳು ವರ್ಷ, ಮಗಳಿಗೆ ಎರಡೂವರೆ. ನಲ್ಲಿಯಲ್ಲಿ ನೀರು ಬರುವ ದಿನವೇ ಕೂಸಿಗೆ ಜ್ವರ ಬರುತ್ತದೆ; ಪರೀಕ್ಷೆಯ ದಿನವೇ ಮಗನ ಒಂದು ಬೂಟು ಮಾಯವಾಗಿರುತ್ತದೆ. ಇದೆಲ್ಲ ಎಲ್ಲರ ಮನೆಯ ಕಥೆ. ನಾವು ಹೇಳಹೊರಟಿರುವುದು, ಮಗಳನ್ನು ಒಂಬತ್ತು ತಿಂಗಳ ಕಾಲ ಕಮಲಾಪುರದಲ್ಲಿ ಬಿಟ್ಟು ಮರಳಿ ಕರೆತಂದ ವಿಷಯ.

2017ರಲ್ಲಿ ಆದ ತಿದ್ದುಪಡಿಯಿಂದ ಹೆರಿಗೆ ರಜೆಯು 26 ವಾರಗಳಿಗೆ ಏರಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂದೂ ಆ ಕಾಯ್ದೆ ಹೇಳುತ್ತದೆ. ಆದರೆ ಹದಿನೈದು ಜನ ಶಿಕ್ಷಕರಿರುವ ಶಾಲೆಗೆ ಅದು ಅನ್ವಯಿಸುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ಸರ್ಕಾರ ‘ಕೂಸಿನ ಮನೆ’ಗಳನ್ನು ತೆರೆದಿದೆ, ಅದು ನಗರದಲ್ಲಿರುವ ನಮ್ಮಂಥವರಿಗಲ್ಲ. ಅಂಗನವಾಡಿಗೆ ಸೇರಿಸಲು ಕೂಸಿಗೆ ಮೂರು ತುಂಬಬೇಕು. ರಜೆ ತೀರಿದ ಬಳಿಕ ಮಗಳನ್ನು ನೋಡಿಕೊಳ್ಳುತ್ತಿದ್ದ ಅಕ್ಕನವರು, ಆಕೆಗೆ ಹದಿನೈದು ತಿಂಗಳಾದಾಗ, ಮಗನಿದ್ದ ಪುಣೆಗೆ ಹೊರಟುಹೋದರು. ಶಾಲೆ ತೆರೆಯಲು ನಾಲ್ಕು ದಿನ ಉಳಿದಿತ್ತು. ಕಮಲಾಪುರದ ಆಯಿ ಮತ್ತು ಮುತ್ಯಾ ತಾವಾಗಿಯೇ ಕೂಸನ್ನು ಕಳುಹಿಸಿರೆಂದರು.

ಹುಮನಾಬಾದ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿದರೆ ಕಮಲಾಪುರ. ಕಲಬುರಗಿಯಿಂದ ಸುಮಾರು 35 ಕಿಲೋಮೀಟರು. ಈಗದು ತಾಲ್ಲೂಕು ಕೇಂದ್ರ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಬಾಳೆಯಿಂದ ಆ ಊರಿನ ಹೆಸರು ದೂರದವರಿಗೂ ಗೊತ್ತು. ಬೇರೆ ಬಾಳೆ ಒಂದು ವರ್ಷಕ್ಕೆ ಗೊನೆ ಕೊಟ್ಟರೆ ಇದು ಹತ್ತಿರಹತ್ತಿರ ಒಂದೂವರೆ ವರ್ಷ ಕಾಯಿಸುತ್ತದೆ; ನೀರು, ಗೊಬ್ಬರ, ಕಾವಲು ಎಲ್ಲವೂ ಹೆಚ್ಚು ಬೇಕು. ಆದ್ದರಿಂದಲೇ ಹಣ್ಣಿನ ಬೆಲೆಯೂ ಹೆಚ್ಚು, ಬೆಳೆಯುವವರೂ ಕಡಿಮೆ. ಮುತ್ಯಾ ಇಂದಿಗೂ ಹಿತ್ತಲಲ್ಲಿ ಎಂಟು ಹತ್ತು ಗಿಡಗಳನ್ನು ಉಳಿಸಿಕೊಂಡಿದ್ದಾರೆ. ನಮ್ಮ ಮಗಳು ಹಲ್ಲು ಮೂಡಿದ ಮೇಲೆ ತಿಂದ ಬಾಳೆಹಣ್ಣೆಲ್ಲ ಆ ಗಿಡಗಳದೇ. ಮುಂದೆ ಕಲಬುರಗಿಯಲ್ಲಿ ಹಳದಿ ಹಣ್ಣು ಕೊಟ್ಟಾಗ ಆಕೆ ತಿರುಗಿಸಿ ನೋಡಿ, “ಇದು ಬಾಳಿಹಣ್ಣ ಅಲ್ಲ” ಎಂದು ಕೆಳಗಿಟ್ಟಳು.

ಪ್ರತಿ ಶನಿವಾರ ಸಂಜೆ ನಾವು ಮೂವರೂ ಬಸ್ಸು ಹಿಡಿಯುತ್ತಿದ್ದೆವು. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗವೂ ಆರಂಭವಾಗಿದೆಯಾದರೂ ನಮ್ಮ ಹೊತ್ತಿಗೆ ಹೊಂದುತ್ತಿದ್ದುದು ಬಸ್ಸೇ. ಮಗನು ವಾರವಿಡೀ ತನ್ನ ಬಿಸ್ಕತ್ತುಗಳಲ್ಲಿ ಒಂದೊಂದನ್ನು ತಂಗಿಗೆಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದ. ಅರ್ಧಕ್ಕರ್ಧ ಮಹಾಗಾಂವ ದಾಟುವುದರೊಳಗೆ ಅವನ ಹೊಟ್ಟೆಯನ್ನೇ ಸೇರುತ್ತಿದ್ದವು. ಮಗಳು ಮೈಕೈ ತುಂಬಿಕೊಂಡಳು, ಮಾತು ಕಲಿತಳು. ಕಲಿತದ್ದೆಲ್ಲ ಆಯಿಯವರ ಮಾತೇ. ಎರಡು ವರ್ಷ ತುಂಬದ ಕೂಸು ಸೊಂಟದ ಮೇಲೆ ಕೈಯಿಟ್ಟು “ಏನ್ ಮಾಡೂದ್ರಿ ಯವ್ವಾ” ಎನ್ನುವುದನ್ನು ಕೇಳಲು ನೆರೆಹೊರೆಯವರು ಬಂದು ಕೂರುತ್ತಿದ್ದರು.

ಎಳ್ಳ ಅಮಾವಾಸ್ಯೆಯಂದು ಎಲ್ಲರೂ ಹೊಲಕ್ಕೆ ಹೋದೆವು. ನಿಂತ ಜೋಳದ ನಡುವೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಗಳ ಗಂಟು ಬಿಚ್ಚುವ ಹೊತ್ತಿಗೆ ಮಗಳು ಎರೆಮಣ್ಣಿನ ಹೆಂಟೆ ಎಡವಿ ಬಿದ್ದಳು. “ಅವ್ವಾ” ಎಂದು ಚೀರಿ ಎದ್ದು ಓಡಿಬಂದಳು. ಹೆತ್ತವಳು ತೋಳು ಚಾಚಿ ಕುಳಿತಿದ್ದಳು. ಕೂಸು ಆ ತೋಳನ್ನು ಬಳಸಿಕೊಂಡು ಮುಂದೆ ಹೋಗಿ ಆಯಿಯವರ ಸೆರಗಿನಲ್ಲಿ ಮುಖ ಹುದುಗಿಸಿತು. ಯಾರೂ ಏನೂ ಮಾತಾಡಲಿಲ್ಲ. ಆಯಿಯವರೇ ಎಲ್ಲರಿಗಿಂತ ಹೆಚ್ಚು ಸಂಕೋಚಪಟ್ಟವರು. ಕೂಸಿನ ಮುಖವನ್ನು ನಮ್ಮ ಕಡೆ ತಿರುಗಿಸಲು ಎರಡು ಸಲ ಯತ್ನಿಸಿ, ಕೊನೆಗೆ ಸುಮ್ಮನೆ ಬೆನ್ನು ಸವರಿದರು.

ಆ ರಾತ್ರಿ ನಮ್ಮಿಬ್ಬರಿಗೂ ನಿದ್ರೆ ಹತ್ತಲಿಲ್ಲ. ಕೂಸು ತನ್ನನ್ನು ಹಗಲಿರುಳು ಸಲಹಿದವರ ಬಳಿಗೆ ಓಡಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೂ ಕರೆತರಬೇಕೆಂದು ನಿಶ್ಚಯಿಸಿದೆವು. ಅಜ್ಜ ಅಜ್ಜಿಯರನ್ನು ಪುಕ್ಕಟೆ ಶಿಶುವಿಹಾರವೆಂದು ಭಾವಿಸುವವರನ್ನು ಕಂಡಿದ್ದೇವೆ. ಅವರೊಡನೆ ನಮಗೆ ಸಹಮತವಿಲ್ಲ. ಆಯಿಯವರ ಮೊಣಕಾಲು ಆಗಲೇ ಬಾತುಕೊಳ್ಳುತ್ತಿತ್ತು, ಅವರು ಹೇಳುತ್ತಿರಲಿಲ್ಲ ಅಷ್ಟೇ.

ವಿಷಯ ತಿಳಿಸಿದಾಗ ಆಯಿಯವರು ಬೇಸರಿಸಲಿಲ್ಲ. “ನಿಮ್ಮ ಹೊಟ್ಟ್ಯಾಗ ಒಂಬತ್ತು ತಿಂಗಳು, ನನ್ನ ಟೊಂಕದ ಮ್ಯಾಲ ಒಂಬತ್ತು ತಿಂಗಳು; ಲೆಕ್ಕ ಸರಿ ಆಗ್ತದ” ಎಂದು ನಕ್ಕರು. ಮರುಗಳಿಗೆಯಲ್ಲೇ ಒಳಗೆ ಹೋಗಿ ಬಹಳ ಹೊತ್ತು ಹೊರಬರಲಿಲ್ಲ. ಬಂದ ಮೇಲೆ ಒಂದು ಕರಾರು ಹಾಕಿದರು: ಒಮ್ಮೆಲೇ ಕರೆದೊಯ್ಯಬಾರದು, ತಾವೂ ಜೊತೆಗೆ ಬರುವೆವೆಂದು.

ಹೋಳಿ ಹುಣ್ಣಿಮೆಯ ಬೆನ್ನಿಗೆ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ. ಆ ನೆಪದಲ್ಲಿ ಎಲ್ಲರೂ ಬಂದರು. ತೇರು ಎಳೆದ ಮರುದಿನ ಮುತ್ಯಾ ಊರಿಗೆ ಮರಳಿದರು. ಆಯಿ ಹದಿನೈದು ದಿನ ನಿಂತರು. ಮೊದಲು ಉಣಿಸುವುದನ್ನು ನಮಗೆ ಬಿಟ್ಟರು, ಆಮೇಲೆ ಎರೆಯುವುದನ್ನು, ಕಡೆಗೆ ಮಲಗಿಸುವುದನ್ನು. ರಾತ್ರಿ ಕೂಸು ಅತ್ತಾಗ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿದ್ದೂ ಏಳದೆ ಮಲಗಿರುತ್ತಿದ್ದರು. ಹೊರಡುವ ದಿನ ಸಮೀಪಿಸಿದಾಗ ಬಂಧುಗಳು, ಕೂಸು ಮಲಗಿದಾಗ ಸದ್ದಿಲ್ಲದೆ ಹೋಗಿಬಿಡುವುದೇ ಲೇಸೆಂದು ಸೂಚಿಸಿದರು. ಆಯಿಯವರು ಒಪ್ಪಲಿಲ್ಲ. “ಮಲಗಿದಾಗ ಬಿಟ್ಟು ಹೋದ್ರ ಕೂಸು ಮುಂದ ನಿದ್ದೀನ ನಂಬೂದಿಲ್ಲ” ಎಂದರು. ಹಾಡುಹಗಲಲ್ಲಿ ಹೇಳಿಯೇ ಹೊರಟರು. ಮಗಳು ಬಸ್ ನಿಲ್ದಾಣದಿಂದ ಮನೆಯವರೆಗೂ ಅತ್ತಳು. ಮಗನು ಅವಳ ಮುಂದೆ ನಡೆಯುತ್ತ, ತನಗೆ ತಿಳಿದ ಕೋತಿ ಚೇಷ್ಟೆಗಳನ್ನೆಲ್ಲ ಮಾಡಿದ, ಪ್ರಯೋಜನವಾಗಲಿಲ್ಲ.

ಏಪ್ರಿಲ್ ಮತ್ತು ಮೇ ತಿಂಗಳುಗಳು ಸುಲಭವಾದವು. ಬಿಸಿಲಿನ ಕಾರಣ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ, ಶಾಲೆಗೂ ಬೇಸಿಗೆ ರಜೆ. ಜೂನ್‌ನಲ್ಲಿ ನಮ್ಮಲ್ಲೊಬ್ಬರು ಶಾಲೆಯ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡೆವು. ಸಂಬಳವೂ ಅರ್ಧವಾಯಿತು. ಆ ಹೊತ್ತಿಗೆ ಮಗಳು ಪಕ್ಕದ ಮನೆಯ ಅಜ್ಜಿಯವರ ಬಳಿ ಇರುತ್ತಾಳೆ. ಹೊಸ ಗಾಡಿ ಕೊಳ್ಳುವ ಯೋಚನೆ ಮುಂದಕ್ಕೆ ಹೋಗಿದೆ. ಮಕ್ಕಳಿಬ್ಬರ ನಡುವೆ ಹಾಸಿಗೆಯ ಗೋಡೆ ಕಡೆಯ ಜಾಗಕ್ಕಾಗಿ ದಿನವೂ ಕಾಳಗ. ಬಿಸ್ಕತ್ತು ಕೂಡಿಡುತ್ತಿದ್ದ ಅಣ್ಣ ಇವನೇ ಏನೆಂದು ಸೋಜಿಗವಾಗುತ್ತದೆ.

ಮಗಳೀಗ ಇಬ್ಬರನ್ನೂ ಅವ್ವ ಎಂದೇ ಕರೆಯುತ್ತಾಳೆ. ಒಬ್ಬರು ಕಲಬುರಗಿ ಅವ್ವ, ಇನ್ನೊಬ್ಬರು ಕಮಲಾಪುರ ಅವ್ವ. ಯಾರೂ ತಿದ್ದಿಲ್ಲ. 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿರುವುದರಿಂದ ಆಯಿಯವರು ಮನಸ್ಸು ಬಂದಾಗ ನಾಲ್ಕು ಕೆಂಪು ಹಣ್ಣು ಹಿಡಿದು ಬಂದು ಸಂಜೆಯೇ ಮರಳುತ್ತಾರೆ. ಕೆಲವೊಮ್ಮೆ ಅಷ್ಟು ದೂರ ನಿಂತೇ ಬರಬೇಕಾಗುತ್ತದೆ. ಬರುವ ದೀಪಾವಳಿಗೆ ಬಂದು, ಹತ್ತು ದಿನವಿದ್ದು, ಮೊಣಕಾಲನ್ನು ವೈದ್ಯರಿಗೆ ತೋರಿಸಲು ಒಪ್ಪಿದ್ದಾರೆ. ಅಷ್ಟು ದಿನ ಮುತ್ಯಾರಿಗೆ ರೊಟ್ಟಿ ಬಡಿಯುವವರು ಯಾರೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.